‘ಸ್ಟೇ’ ಸಿಕ್ಕರೆ ಗೆದ್ದಂತಲ್ಲ

ತಡೆಯಾಜ್ಞೆ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಕೋರ್ಟ್ ಆದೇಶಗಳು ಬಳಕೆಯಲ್ಲಿವೆ. ಕೆಳಗಿನ ನ್ಯಾಯಾಲಯದ ತೀರ್ಪನ್ನೋ ಅಧಿಕಾರಿಯ ಆದೇಶವನ್ನೋ ಸದ್ಯಕ್ಕೆ ಜಾರಿಯಾಗದಂತೆ ನಿಲ್ಲಿಸುವುದು ಒಂದು. ವಕೀಲರ ಬಾಯಲ್ಲಿ ‘ಸ್ಟೇ’ ಎಂದರೆ ಇದೇ. ಒಬ್ಬರಿಗೆ ‘ಈ ಕೆಲಸ ಮಾಡಕೂಡದು’ ಎಂದು ನೇರವಾಗಿ ಅಪ್ಪಣೆ ಮಾಡುವುದು ಇನ್ನೊಂದು. ಕಡತಗಳಲ್ಲಿ ಇದು ನಿರ್ಬಂಧಕಾಜ್ಞೆ. ಬದುವಿನ ಜಗಳದಲ್ಲಿ ‘ಪಕ್ಕದ ಹೊಲದವರು ಸ್ಟೇ ತಂದಿದ್ದಾರೆ’ ಎಂಬ ಮಾತು ಬಂದರೆ, ಅವರು ತಂದಿರುವುದು ಬಹುಮಟ್ಟಿಗೆ ಈ ಎರಡನೆಯದನ್ನೇ.

ನಿರ್ಬಂಧಕಾಜ್ಞೆಯ ಬೇರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದಲ್ಲಿದೆ. ಶಾಶ್ವತ ನಿರ್ಬಂಧಕಾಜ್ಞೆ ಸಿಗುವುದು ವಿಚಾರಣೆ ಮುಗಿದು ಡಿಕ್ರಿ ಆದಾಗ ಮಾತ್ರ. ಅಲ್ಲಿಯವರೆಗಿನ ತಾತ್ಕಾಲಿಕ ಆಜ್ಞೆಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ ಆಧಾರ. ಕಟ್ಟಿದ ಗೋಡೆ ಕೆಡವು, ಮುಚ್ಚಿದ ದಾರಿ ತೆರೆ ಎಂದು ಕೆಲಸ ಮಾಡಿಸುವ ಆಜ್ಞೆಯೂ ಉಂಟು, ಅದು ಅಪರೂಪ.

ಜಮೀನಿನ ದಾವೆಯಲ್ಲಿ ವಾದಿ ದಾವಾಪತ್ರದ ಜೊತೆಗೇ ಮಧ್ಯಂತರ ಅರ್ಜಿಯನ್ನೂ ಅಫಿಡವಿಟ್ಟನ್ನೂ ಸಲ್ಲಿಸುತ್ತಾನೆ. ಕ್ರಯಪತ್ರ, ಪಹಣಿ, ಕಂದಾಯ ರಸೀದಿ ಹಿಂದೆಯೇ ಬರುತ್ತವೆ. ಈ ಹಂತದಲ್ಲಿ ಜಮೀನು ಯಾರದೆಂದು ನ್ಯಾಯಾಧೀಶರು ತೀರ್ಮಾನಿಸುವುದಿಲ್ಲ. ಅವರು ನೋಡುವುದು ಮೂರು ಸಂಗತಿ: ಮೇಲ್ನೋಟಕ್ಕೆ ವಾದದಲ್ಲಿ ಹುರುಳಿದೆಯೇ, ಆಜ್ಞೆ ಕೊಟ್ಟರೆ ಒಬ್ಬರಿಗೆ ಆಗುವ ತೊಂದರೆ ದೊಡ್ಡದೋ ಕೊಡದಿದ್ದರೆ ಇನ್ನೊಬ್ಬರಿಗೆ ಆಗುವುದು ದೊಡ್ಡದೋ, ಆಗುವ ನಷ್ಟವನ್ನು ಮುಂದೆ ದುಡ್ಡಿನಿಂದ ತುಂಬಿಕೊಡಲು ಸಾಧ್ಯವೇ. ಐವತ್ತು ವರ್ಷದ ಮಾವಿನ ತೋಪನ್ನು ಕಡಿದುಹಾಕಿದರೆ ಪರಿಹಾರದ ಹಣ ಬಂದೀತು, ಮರ ಬರುವುದಿಲ್ಲ. ಬರಬೇಕಾದ ಬಾಕಿ ಹಣದ ತಕರಾರಿಗೆ ಅಷ್ಟು ಸುಲಭವಾಗಿ ತಡೆ ಸಿಗದಿರುವುದು ಇದೇ ಕಾರಣಕ್ಕೆ.

ಆಜ್ಞೆ ಕೊಡುವ ಮುನ್ನ ಎದುರಾಳಿಗೆ ನೋಟಿಸ್ ಹೋಗಬೇಕೆಂಬುದು ನಿಯಮ. ನೋಟಿಸ್ ಮುಟ್ಟುವಷ್ಟರಲ್ಲಿ ಆಗಬಾರದ್ದು ಆಗಿಹೋಗುವ ಹಾಗಿದ್ದರೆ ನ್ಯಾಯಾಲಯ ಕಾರಣ ಬರೆದು ಏಕಪಕ್ಷೀಯ ಆಜ್ಞೆ ಕೊಡಬಹುದು. ಆಗ ಅರ್ಜಿದಾರ ಅರ್ಜಿ, ದಾವಾಪತ್ರ, ದಾಖಲೆಗಳ ಪ್ರತಿಗಳನ್ನು ಕೂಡಲೇ ಎದುರಾಳಿಗೆ ತಲುಪಿಸಬೇಕು ಇಲ್ಲವೇ ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು. ಕಳಿಸಿದ್ದಕ್ಕೆ ಅದೇ ದಿನ ಅಥವಾ ಮರುದಿನ ಅಫಿಡವಿಟ್ ಹಾಕಬೇಕು. ಅಂಥ ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದೂ ಸಂಹಿತೆ ಹೇಳುತ್ತದೆ. ಆದರೆ ‘ಮುಂದಿನ ವಾಯಿದೆವರೆಗೆ ವಿಸ್ತರಿಸಲಾಗಿದೆ’ ಎಂಬ ಒಂದು ಸಾಲಿನಲ್ಲೇ ವರ್ಷಗಳು ಉರುಳುವುದೂ ಉಂಟು. ಎಷ್ಟೋ ವಾದಿಗಳಿಗೆ ಬೇಕಿರುವುದೂ ಅಷ್ಟೇ.

ಏಕಪಕ್ಷೀಯ ಆಜ್ಞೆಗೆ ಮುಂಜಾಗ್ರತೆ ಕೇವಿಯಟ್. ಎದುರಿನವರು ಕೋರ್ಟಿಗೆ ಹೋಗುವ ಸುಳಿವು ಸಿಕ್ಕವರು ಮೊದಲೇ ಕೇವಿಯಟ್ ಸಲ್ಲಿಸಿದರೆ ಅದು 90 ದಿನ ಊರ್ಜಿತ. ಆ ಅವಧಿಯಲ್ಲಿ ಅರ್ಜಿ ಬಂದರೆ ನ್ಯಾಯಾಲಯ ಅವರಿಗೂ ನೋಟಿಸ್ ಕೊಡಬೇಕು. ಆಜ್ಞೆ ಮೀರಿದವರ ಆಸ್ತಿ ಜಪ್ತಿಯಾಗಬಹುದು, ಮೂರು ತಿಂಗಳವರೆಗೆ ಸಿವಿಲ್ ಬಂಧನವೂ ಆಗಬಹುದು.

ಇನ್ನು ಸ್ಟೇ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಕೆಳಗಿನ ಡಿಕ್ರಿ ನಿಲ್ಲುವುದಿಲ್ಲ; ಸಂಹಿತೆಯ 41ನೇ ಆದೇಶದಡಿ ಪ್ರತ್ಯೇಕವಾಗಿ ತಡೆ ಕೋರಬೇಕು, ವಿಳಂಬವಿಲ್ಲದೆ ಬಂದಿದ್ದೇವೆಂದು ತೋರಿಸಬೇಕು, ಜಾಮೀನು ಕೊಡಬೇಕು. ತಡೆ ಸಿಕ್ಕರೂ ಆದೇಶ ರದ್ದಾಗುವುದಿಲ್ಲ. ಕರ್ನಾಟಕದಿಂದ ಹೋದ ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ರದ್ದಾದ ಆದೇಶ ಇಲ್ಲವಾಗುತ್ತದೆ, ತಡೆ ಬಿದ್ದ ಆದೇಶ ಇದ್ದೇ ಇರುತ್ತದೆ, ತಡೆ ಕೊಟ್ಟ ದಿನದಿಂದ ನಡೆಯದು ಅಷ್ಟೇ.

ತಡೆಯ ಆಯಸ್ಸಿನ ಬಗ್ಗೆ ಈಚೆಗೆ ದೊಡ್ಡ ಚರ್ಚೆ ನಡೆಯಿತು. ವಿಚಾರಣೆಗೆ ಕೊಟ್ಟ ತಡೆ ಆರು ತಿಂಗಳಾದ ಮೇಲೆ, ಕಾರಣಸಹಿತ ವಿಸ್ತರಣೆ ಇಲ್ಲದಿದ್ದರೆ, ತಾನಾಗಿ ಬಿದ್ದುಹೋಗುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕೋರ್ಟಿನ ವಿಳಂಬಕ್ಕೆ ಕಕ್ಷಿದಾರ ದಂಡ ತೆರುವಂಥ ಈ ನಿಯಮವನ್ನು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ಫೆಬ್ರವರಿ 29ರಂದು ತಳ್ಳಿಹಾಕಿತು. ಅದು ಸರಿಯಾದ ತೀರ್ಮಾನ.

ತಡೆಯಾಜ್ಞೆ ಬಂದಿದೆ ಎಂದು ಯಾರಾದರೂ ಹೇಳಿದರೆ ದೃಢೀಕೃತ ಪ್ರತಿಯನ್ನು ಕೇಳಿ ಪಡೆಯಿರಿ. ಯಾರ ವಿರುದ್ಧ, ಯಾವ ಸರ್ವೆ ನಂಬರ್, ಯಾವ ಚಕ್ಕುಬಂದಿ, ಯಾವ ದಿನಾಂಕದವರೆಗೆ ಎಂಬುದನ್ನು ಓದಿನೋಡಿ.