ಕಣ್ಣು ಮಂಜಾಗ್ತಿದೆಯಾ? ಕನ್ನಡಕ ಬದಲಿಸೋ ಮೊದಲು ಬಿಪಿ ನೋಡಿಸಿ

ಲೆಕ್ಕದ ಪುಸ್ತಕದ ಅಕ್ಷರ ಮಸುಕಾಗಿ ಕಂಡ್ರೆ ನಮ್ಮಲ್ಲಿ ಹೆಚ್ಚಿನವರು ಮಾಡೋದು ಒಂದೇ ಕೆಲಸ, ಕನ್ನಡಕದ ನಂಬರ್ ಬದಲಿಸೋದು. 40 ದಾಟಿದವರಿಗೆ ಎಷ್ಟೋ ಸಲ ಕಾರಣ ಅದೇ ಇರುತ್ತೆ. ಆದರೆ ಬಿಪಿ ಇದ್ದವರಲ್ಲಿ ತೊಂದರೆ ಕಣ್ಣಿನ ಹಿಂಭಾಗದಲ್ಲಿ ಇರಬಹುದು. ಅದು ಯಾವ ಕನ್ನಡಕದಿಂದಲೂ ಸರಿಹೋಗಲ್ಲ.

ಬಿಪಿಗೂ ಕಣ್ಣಿಗೂ ಏನು ಸಂಬಂಧ?

ಕಣ್ಣಿನ ಒಳಗೆ ಹಿಂಬದಿಯಲ್ಲಿ ರೆಟಿನಾ ಅನ್ನೋ ತೆಳುವಾದ ಪರದೆ ಇದೆ. ನಾವು ನೋಡುವ ದೃಶ್ಯ ಮೂಡೋದು ಅದರ ಮೇಲೆ. ಅದಕ್ಕೆ ರಕ್ತ ಕೊಡುವ ನಾಳಗಳು ತೀರಾ ಸಣ್ಣವು. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದರೆ ಈ ನಾಳಗಳ ಗೋಡೆ ದಪ್ಪವಾಗಿ, ಒಳದಾರಿ ಕಿರಿದಾಗುತ್ತದೆ. ಒತ್ತಡ ಇನ್ನೂ ಏರಿದರೆ ರಕ್ತ, ನೀರಿನಂಶ ಹೊರಗೆ ಸೋರುತ್ತದೆ. ರಕ್ತ ಸಿಗದ ಜಾಗದಲ್ಲಿ ಹತ್ತಿ ಉಂಡೆಯಂಥ ಬಿಳಿ ಮಚ್ಚೆ ಕಾಣುತ್ತದೆ. ತೀವ್ರವಾದರೆ ಕಣ್ಣಿನ ನರದ ಬುಡವೇ ಊದಿಕೊಳ್ಳುತ್ತದೆ. ಇದಕ್ಕೆ ಹೈಪರ್‌ಟೆನ್ಸಿವ್ ರೆಟಿನೋಪತಿ ಅಂತಾರೆ. ಇದನ್ನು 4 ಹಂತಗಳಾಗಿ ಗುರುತಿಸುವ ಪದ್ಧತಿ 1939ರಿಂದಲೂ ಇದೆ.

ಮೊದಲ ಹಂತಗಳಲ್ಲಿ ನೋವಿಲ್ಲ, ಉರಿ ಇಲ್ಲ, ದೃಷ್ಟಿಯೂ ಚೆನ್ನಾಗೇ ಇರುತ್ತೆ. ಅದಕ್ಕೇ ಯಾರಿಗೂ ಗೊತ್ತಾಗೋದಿಲ್ಲ. ಕಣ್ಣು ಮಂಜಾಗೋ ಹೊತ್ತಿಗೆ ಹಾನಿ ಮುಂದುವರಿದಿರುತ್ತೆ.

ಕಣ್ಣಲ್ಲೇ ಕಾಣುತ್ತೆ ಸುಳಿವು

ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡೋಕೆ ಆಗುವ ಜಾಗ ರೆಟಿನಾ. ಅಲ್ಲಿ ನಾಳಗಳು ಹಾಳಾಗಿದ್ದರೆ ಮೆದುಳು, ಹೃದಯ, ಕಿಡ್ನಿಯ ನಾಳಗಳ ಮೇಲೂ ಒತ್ತಡ ಬಿದ್ದಿರಬಹುದು ಅಂತ ಅರ್ಥ. ಹೀಗಾಗಿ ಕಣ್ಣಿನ ಪರೀಕ್ಷೆ ಪಾರ್ಶ್ವವಾಯುವಿನ ಅಪಾಯದ ಮುನ್ಸೂಚನೆಯನ್ನೂ ಕೊಡಬಲ್ಲದು.

ಏನು ಮಾಡಬೇಕು?

* 30 ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿ. ತಪಾಸಣೆ ಉಚಿತ. 140/90 ಅಥವಾ ಅದಕ್ಕಿಂತ ಹೆಚ್ಚು ಪದೇಪದೇ ಬಂದರೆ ವೈದ್ಯರನ್ನು ಕಾಣಿ.
* ಬಿಪಿ ಇರುವವರು ರೆಟಿನಾ ಪರೀಕ್ಷೆ ಬೇಕಾ, ಎಷ್ಟು ದಿನಕ್ಕೊಮ್ಮೆ ಅಂತ ವೈದ್ಯರನ್ನು ಕೇಳಿ. ಶುಗರ್ ಕೂಡ ಇದ್ದರೆ ವರ್ಷಕ್ಕೊಮ್ಮೆಯಾದರೂ ಮಾಡಿಸಲೇಬೇಕು. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಸುಕಾಗಿರುತ್ತೆ, ಬೈಕ್ ಓಡಿಸಬೇಡಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.
* "ಬಿಪಿ ನಾರ್ಮಲ್ ಬಂತು" ಅಂತ ಮಾತ್ರೆ ನಿಲ್ಲಿಸಬೇಡಿ. ನಾರ್ಮಲ್ ಬಂದಿರೋದು ಮಾತ್ರೆಯಿಂದಲೇ.
* ಉಪ್ಪಿನಕಾಯಿ, ಹಪ್ಪಳ, ಖಾರಾ ಮಿಕ್ಸ್ಚರ್ ಕಡಿಮೆ ಮಾಡಿ. ಬೀಡಿ, ಸಿಗರೇಟು ಬಿಡಿ.

ಇದಕ್ಕೆ ಮಾತ್ರ ಕಾಯಬೇಡಿ

ಒಂದು ಕಣ್ಣು ಇದ್ದಕ್ಕಿದ್ದಂತೆ ಕಾಣದಾದರೆ, ಅಥವಾ ಬಿಪಿ 180/120 ದಾಟಿ ಜೊತೆಗೆ ತಲೆನೋವು, ಕಣ್ಣು ಮಂಜು ಇದ್ದರೆ, ಸಂತೆ ಮುಗೀಲಿ, ಅಂಗಡಿ ಮುಚ್ಚಿ ಹೋಗೋಣ ಅಂತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ.