ಪಕ್ಕದ ಮಗ್ಗದ ಮಾತು

ಇಳಕಲ್ಲಿನ ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಮೇಲೆ ಕಾಲು ಮೆಟ್ಟುತ್ತಿರುತ್ತದೆ, ಕೈ ಲಾಳಿ ಓಡಿಸುತ್ತಿರುತ್ತದೆ, ಬಾಯಿ ಪಕ್ಕದ ಮಗ್ಗದವನೊಂದಿಗೆ ಮಾತಾಡುತ್ತಿರುತ್ತದೆ. ಸೆರಗಿನ ರೇಷ್ಮೆ ಹಾಸನ್ನು ಒಡಲಿನ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸಲು ಕಣ್ಣು, ಬೆರಳು ಎರಡೂ ಚುರುಕಾಗಿರಬೇಕು. ಅವು ಸೋತ ದಿನ ನೇಕಾರ ಮಗ್ಗ ಬಿಟ್ಟೇಳುತ್ತಾನೆ. ಕೂಲಿಯ ಜೊತೆಗೆ ಆ ಮಾತೂ ನಿಲ್ಲುತ್ತದೆ. ಹುನಗುಂದದ ಕಡೆ ಕಲ್ಲು ಒಡೆದು ದಣಿದವರು, ಗುಳೇದಗುಡ್ಡದಲ್ಲಿ ಖಣ ನೇಯ್ದವರು, ಆಲಮಟ್ಟಿ ಹಿನ್ನೀರಿಗೆ ಓಣಿ ಬಿಟ್ಟುಕೊಟ್ಟು ಬಾಗಲಕೋಟೆಯ ನವನಗರ ಸೇರಿದ ಹಿರಿಯರು, ಇವರಲ್ಲಿ ಎಷ್ಟೋ ಜನರ ಪಾಡು ಇದೇ.

ಇದು ಬರೀ ಬೇಸರದ ವಿಷಯವಲ್ಲ, ಆರೋಗ್ಯದ ವಿಷಯ. 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ನಡೆದ ವಿಶ್ಲೇಷಣೆಯಲ್ಲಿ, ಗಟ್ಟಿ ಒಡನಾಟವಿದ್ದವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚು ಕಂಡುಬಂತು. ಅದರಲ್ಲೂ ಗಂಡಸರ ಬಗ್ಗೆ ಹೆಚ್ಚು ಯೋಚಿಸಬೇಕು: ನಮ್ಮ ದೇಶದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ ಶೇ. 70ಕ್ಕೂ ಹೆಚ್ಚು ಗಂಡಸರು.

ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ‘ಗಂಡಸರ ಶೆಡ್’ಗಳು ಶುರುವಾದವು. ನಿವೃತ್ತರು ಒಂದೆಡೆ ಸೇರಿ ಮರಗೆಲಸ, ರಿಪೇರಿ ಮಾಡುತ್ತಾರೆ. ಎದುರುಬದುರು ಕೂರಿಸಿ ‘ಏನು ಸಂಕಟ’ ಎಂದು ಕೇಳಿದರೆ ಬಾಯಿ ಬಿಡದವರು, ಹೆಗಲಿಗೆ ಹೆಗಲು ಕೊಟ್ಟು ಹಲಗೆ ಉಜ್ಜುವಾಗ ತಾವಾಗಿಯೇ ಮಾತಿಗಿಳಿಯುತ್ತಾರೆ ಎಂಬುದು ಅಲ್ಲಿನವರ ಅನುಭವ. ಈ ಶೆಡ್‌ಗಳ ಲಾಭ ಹೇಳುವ ಅಧ್ಯಯನಗಳಲ್ಲಿ ಹೆಚ್ಚಿನವು ಸದಸ್ಯರ ಹೇಳಿಕೆಗಳನ್ನೇ ನೆಚ್ಚಿವೆ ಎಂಬುದನ್ನೂ ಮರೆಯಬಾರದು.

ಆದರೆ ಜೊತೆಗೂಡಿ ದುಡಿಯುವಾಗ ದೇಹದೊಳಗೆ ಏನೋ ಬದಲಾಗುತ್ತದೆ ಎಂಬ ಸುಳಿವಂತೂ ಇದೆ. ಆಕ್ಸ್‌ಫರ್ಡ್ ವಿಜ್ಞಾನಿಗಳು ದೋಣಿ ಹುಟ್ಟು ಹಾಕುವ 12 ಆಟಗಾರರನ್ನು ಯಂತ್ರದ ಮೇಲೆ ಒಮ್ಮೆ ಒಂಟಿಯಾಗಿ, ಒಮ್ಮೆ ಗುಂಪಿನಲ್ಲಿ ಕಸರತ್ತು ಮಾಡಿಸಿದರು. ಆಮೇಲೆ ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಕಟ್ಟಿ, ಬಿಗಿಯುತ್ತಾ ಹೋಗಿ, ನೋವು ಶುರುವಾಗುವ ಹಂತ ಅಳೆದರು. ಬೆವರು ಸುರಿಸಿದ್ದು ಅಷ್ಟೇ ಆದರೂ ಗುಂಪಿನಲ್ಲಿ ಮಾಡಿದ ದಿನ ನೋವು ತಡೆಯುವ ಶಕ್ತಿ ಹೆಚ್ಚಿತ್ತು. ನೋವು ತಗ್ಗಿಸಲು ದೇಹವೇ ತಯಾರಿಸುವ ಎಂಡಾರ್ಫಿನ್ ಹೆಚ್ಚು ಸ್ರವಿಸಿದ್ದರ ಗುರುತು ಇದು ಎಂದು ಅವರ ಅಂದಾಜು. ಸಾಲು ಮಗ್ಗಗಳ ಲಯಕ್ಕೂ ಇಂಥ ಗುಣ ಇರಬೇಕೆಂದು ನನಗನಿಸುತ್ತದೆ.

ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು, ವಾರಕ್ಕೊಮ್ಮೆ ಸೇರುವ ಸಂಘವಾಯಿತು. ದುಡಿಮೆ ನಿಂತ ಗಂಡಸಿಗೆ ಅಂಥ ತಾಣವಿಲ್ಲ. ಬಾದಾಮಿ, ಇಳಕಲ್ಲ, ಹುನಗುಂದಗಳ ನೇಕಾರ ಸಂಘಗಳೇ, ಪಂಚಾಯಿತಿಗಳೇ, ಖಾಲಿ ಬಿದ್ದ ಒಂದು ಕೋಣೆಯ ಬೀಗ ತೆಗೆಯಿರಿ. ಒಂದು ಹಳೆಯ ಮಗ್ಗ, ನಾಲ್ಕು ಉಳಿ-ಸುತ್ತಿಗೆ ಇಡಿ. ಕೂಲಿಯ ಲೆಕ್ಕ ಬೇಡ. ಹಿರಿಯರನ್ನು ಕೆಲಸಕ್ಕೆಂದು ಕರೆಯಿರಿ, ಬರುತ್ತಾರೆ.