ಸಾಕೆ: ಬಿಸಿಯೋ, ತಣ್ಣಗೋ?

ಹೆಸರೇ ಸಾಕೆ. ಬಾಟಲಿ ತಂದವನಿಗೆ ಮನೆಯಲ್ಲಿ ಬೀಳುವ ಪ್ರಶ್ನೆಯೂ ಅದೇ: 'ಸಾಕೇ, ಇನ್ನೂ ಬೇಕೇ?'

ತಮಾಷೆ ಇರಲಿ ಸ್ವಾಮಿ, ಇದು ಜಪಾನಿನವರ ಅಕ್ಕಿ ಮದ್ಯ. 1999ರಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಗಾಡಿ ತಯಾರಿ ಶುರುವಾದ ಮೇಲೆ ನಮ್ಮ ಕಡೆಯವರಿಗೆ ಜಪಾನಿಯರ ಮುಖ ಹೊಸದಲ್ಲ. ಅವರ ಸಾಕೆ ಬೆಂಗಳೂರಿನ ದೊಡ್ಡ ಮದ್ಯದಂಗಡಿಗಳಲ್ಲಿ ಸಿಗುತ್ತೆ. ಬೆಲೆ ಕೇಳಿದರೆ ಮಾತ್ರ ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಅದಕ್ಕೇ ನಾಲ್ವರು ದುಡ್ಡು ಹಾಕಿ 720 ಎಂ.ಎಲ್. ಬಾಟಲಿ ಒಂದನ್ನು ತಂದೆವು. ಹಾರ್ಡ್‌ವೇರ್ ಅಂಗಡಿ ಯಜಮಾನರದ್ದು ಒಂದೇ ಹಠ: 'ಕೆಟ್ಟ ಮಾಲನ್ನ ಮಾತ್ರ ಬಿಸಿ ಮಾಡ್ತಾರೆ ಕಣ್ರೀ.' ಬಟ್ಟೆ ಅಂಗಡಿಯವರು ಒಪ್ಪಲಿಲ್ಲ. ಪಂದ್ಯ ಬಿತ್ತು. ಸೋತವರು ಪೂರ್ತಿ ಬಾಟಲಿ ದುಡ್ಡು ಕೊಡಬೇಕು. ತೀರ್ಪು ನನ್ನ ತಲೆಗೆ.

ಸಾಕೆ ಸಾರಾಯಿಯಂತೆ ಭಟ್ಟಿ ಇಳಿಸಿದ್ದಲ್ಲ. ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ 'ಕೋಜಿ' ಎಂಬ ಬೂಷ್ಟು ಬೆಳೆಸುತ್ತಾರೆ. ಕೋಜಿ ಪಿಷ್ಟವನ್ನು ಸಕ್ಕರೆ ಮಾಡುತ್ತೆ, ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತೆ, ಎರಡೂ ಒಂದೇ ತೊಟ್ಟಿಯಲ್ಲಿ. ಈ ಕಸುಬನ್ನು 2024ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ಆಲ್ಕೋಹಾಲ್ ಶೇ. 15ರ ಆಸುಪಾಸು, ಅಂದರೆ ಬಿಯರಿನ ಮೂರರಷ್ಟು. ನಾವು ಹೋಗಿದ್ದೂ ಬಂದಿದ್ದೂ ಬಸ್ಸಿನಲ್ಲೇ.

ಮೊದಲು ಫ್ರಿಜ್ಜಿನಿಂದ ತೆಗೆದದ್ದು. ಶುದ್ಧ, ತೆಳು, ಕೊಂಚ ಹುಳಿ. ಅಕ್ಕಿ ತೊಳೆದ ನೀರಿಗೆ ಯಾವುದೋ ಹಣ್ಣಿನ ವಾಸನೆ ತಾಕಿದ ಹಾಗೆ. 'ನೋಡಿದ್ರಾ!' ಎಂದರು ಹಾರ್ಡ್‌ವೇರ್‌ನವರು.

ಬಿಸಿ ಮಾಡುವಾಗ ತಪ್ಪಿದ್ದು ನಾನೇ. ಪಾತ್ರೆಗೆ ಸುರಿದು ನೇರ ಗ್ಯಾಸಿನ ಮೇಲಿಟ್ಟೆ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತೆ ಅನ್ನೋದು ಆಮೇಲೆ ನೆನಪಾಯಿತು. ಹಬೆ ಮೂಗಿಗೆ ಬಡಿದು ಕಣ್ಣೀರು ಬಂತು. ಕಾಲು ಬಾಟಲಿ ಬಚ್ಚಲಿಗೆ.

ಜಪಾನಿನಲ್ಲಿ 'ತೊಕ್ಕುರಿ' ಎಂಬ ಕತ್ತು ಸಣ್ಣಗಿರುವ ಹೂಜಿಗೆ ಹಾಕಿ ಬಿಸಿನೀರಿನಲ್ಲಿ ನಿಲ್ಲಿಸುತ್ತಾರೆ. 40 ಡಿಗ್ರಿಯದು 'ನುರುಕಾನ್', 50ರದು 'ಅತ್ಸುಕಾನ್'. ನಾವು ಒಲೆ ಆರಿಸಿ, ಸ್ಟೀಲ್ ಲೋಟವನ್ನೇ ಬಿಸಿನೀರಲ್ಲಿ ಇಟ್ಟೆವು. ಹದವಾಗಿ ಬೆಚ್ಚಗಾದಾಗ ಕುಡಿದರೆ, ಅದೇ ಬಾಟಲಿಯದು ಅಂತ ನಂಬೋಕಾಗಲ್ಲ. ಹುಳಿ ಹಿಂದೆ ಸರಿದು ಸಿಹಿ ಮುಂದೆ ಬಂತು. ಆಗತಾನೇ ಅನ್ನ ಬಸಿದ ಗಂಜಿಯ ಘಮ! ಖಾರದ ಕಡಲೆಬೀಜದ ಜೊತೆಗಂತೂ ತಣ್ಣನೆಯದು ನೀರು, ಇದು ಊಟ.

ಹಾಗಂತ ಹಾರ್ಡ್‌ವೇರ್‌ನವರ ಮಾತು ಪೂರ್ತಿ ಸುಳ್ಳಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದು, ಸಾಕೆಗೆ ಆಲ್ಕೋಹಾಲು, ಸಕ್ಕರೆ ಬೆರೆಸಿ ಹಿಗ್ಗಿಸಿದರು. ಆ ರುಚಿ ಮುಚ್ಚೋಕೆ ಬಿಸಿ ಅನುಕೂಲವಾಯಿತು. ಇನ್ನು 'ಗಿಂಜೊ' ಅಂತ ಬರೆದಿದ್ದರೆ ಅಕ್ಕಿಯ ಶೇ. 40 ಭಾಗವಾದರೂ ಉಜ್ಜಿ ತೆಗೆದಿರುತ್ತಾರೆ. ಹಣ್ಣಿನ ಪರಿಮಳಕ್ಕೇ ದುಡ್ಡು ಕೊಟ್ಟಿರುತ್ತೀರಿ. ಅದನ್ನು ತೀರಾ ಬಿಸಿ ಮಾಡಿದರೆ ಪರಿಮಳ ಗಾಳಿಪಾಲು. ನಮ್ಮ ಬಾಟಲಿಯ ಮೇಲೆ ಇದ್ದದ್ದು ಬರೀ 'ಜುನ್ಮಾಯಿ', ಅಂದರೆ ಹೊರಗಿನ ಆಲ್ಕೋಹಾಲ್ ಬೆರೆಸದ ಅಕ್ಕಿ ಸಾಕೆ. ಗಿಂಜೊ ಆಗಿದ್ದರೆ ತೀರ್ಪು ತಿರುಗುತ್ತಿತ್ತೋ ಏನೋ.

ಇದಕ್ಕೆ ಮಾತ್ರ ಬಿಸಿಯೇ ಸರಿ ಅಂದೆ. ಹಾರ್ಡ್‌ವೇರ್‌ನವರು ದುಡ್ಡು ಎಣಿಸಿಕೊಟ್ಟರು. ಆದರೆ ಮುಕ್ಕಾಲು ಬಾಟಲಿಗೆ ಮಾತ್ರ. ಬಚ್ಚಲಿಗೆ ಹೋದ ಕಾಲು ಭಾಗ 'ತೀರ್ಪುಗಾರರ ಲೆಕ್ಕಕ್ಕೆ' ಅಂತೆ!